ಬಸುರಿಯ ಬಿ.ಪಿ.: ಉದಾಸೀನ ಬೇಡ

ಸೀಮಂತದ ದಿನ. ಏಳು ತಿಂಗಳ ಬಸುರಿಗೆ ಹಸಿರು ಬಳೆ ತೊಡಿಸಲು ಕೂತರೆ ಬಳೆ ಕೈಗೆ ಏರುತ್ತಲೇ ಇಲ್ಲ. ಮೊನ್ನೆಯವರೆಗೂ ಸಡಿಲವಾಗಿದ್ದ ಉಂಗುರವೂ ಬಿಗಿ. ‘ಬೆಳಗ್ಗೆಯಿಂದ ತಲೆ ಸಿಡೀತಿದೆ ಅತ್ತೆ’ ಎಂದರೆ, ‘ರಾತ್ರಿ ನಿದ್ದೆ ಇಲ್ವಲ್ಲ, ಅದಕ್ಕೇ. ಬಸುರೀಲಿ ಕೈಕಾಲು ಬಾತ್ಕೊಳ್ಳೋದು ಇದ್ದದ್ದೇ ಬಿಡಮ್ಮ’ ಎಂಬ ಸಮಾಧಾನ.

ಅತ್ತೆಯ ಮಾತು ಅರ್ಧ ನಿಜ. ಸಂಜೆ ಹೊತ್ತಿಗೆ ಪಾದ ಊದಿಕೊಂಡು, ಬೆಳಗ್ಗೆ ಇಳಿದಿದ್ದರೆ ಸಾಮಾನ್ಯವಾಗಿ ಗಾಬರಿ ಬೇಕಿಲ್ಲ. ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಂಡು ತಲೆನೋವೂ ಸೇರಿದರೆ ಅದು ‘ಪ್ರೀಎಕ್ಲಾಂಪ್ಸಿಯಾ’ ಇರಬಹುದು. ಹೆಸರು ಬಾಯಿಗೆ ಕಷ್ಟ, ಆದರೆ ಅದರ ಸುಳಿವು ಹಿಡಿಯುವುದು ಸುಲಭ.

ಪತ್ತೆ ಹೇಗೆ?

ಗರ್ಭಕ್ಕೆ 20 ವಾರ ತುಂಬಿದ ಮೇಲೆ ಬಿ.ಪಿ. 140/90 ಮುಟ್ಟಿದರೆ, ಎರಡರಲ್ಲಿ ಒಂದು ಅಂಕಿ ಏರಿದರೂ, ವೈದ್ಯರು ಮತ್ತೆ ಅಳೆದು ನೋಡುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಪ್ರೋಟೀನ್ ಇಲ್ಲದೆಯೂ ಈ ಕಾಯಿಲೆ ಇರಬಹುದು. ಹಾಗಾಗಿ ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಸ್ಥಿತಿ ತಿಳಿಯಲು ರಕ್ತ ಪರೀಕ್ಷೆಯೂ ಬೇಕು. ಮಗುವಿನ ಬೆಳವಣಿಗೆ ನೋಡಲು ಸ್ಕ್ಯಾನಿಂಗ್ ಮಾಡುತ್ತಾರೆ. ಬಿ.ಪಿ. 160/110 ದಾಟಿದರೆ ಅದು ತುರ್ತು ಸ್ಥಿತಿ. ಫಿಟ್ಸ್ ಬರಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಹೆರಿಗೆಗೆ ಮೊದಲೇ ಮಾಸು ಬೇರ್ಪಟ್ಟು ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯವಾಗಬಹುದು.

ಎಷ್ಟೋ ಸಲ ಮೊದಮೊದಲು ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಆದ್ದರಿಂದ ‘ಚೆನ್ನಾಗೇ ಇದ್ದೀನಲ್ಲ’ ಎಂದು ತಪಾಸಣೆ ತಪ್ಪಿಸಬೇಡಿ.

ಇವು ಕಂಡರೆ ತಕ್ಷಣ ಆಸ್ಪತ್ರೆಗೆ

* ಬಿಡದೆ ಕಾಡುವ ತಲೆನೋವು
* ಕಣ್ಣು ಮಂಜಾಗುವುದು, ಮಿಂಚು ಹೊಡೆದಂತೆ ಕಾಣುವುದು
* ಪಕ್ಕೆಲುಬಿನ ಕೆಳಗೆ, ಅದರಲ್ಲೂ ಬಲಭಾಗದಲ್ಲಿ ನೋವು, ವಾಂತಿ. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ
* ಉಸಿರಾಟಕ್ಕೆ ಕಷ್ಟ, ಮುಖ-ಕೈ ದಿಢೀರನೆ ಊದಿಕೊಳ್ಳುವುದು
* ಹೊಟ್ಟೆಯಲ್ಲಿ ಮಗುವಿನ ಓಡಾಟ ಕಡಿಮೆಯಾಗುವುದು

ಯಾರಿಗೆ ಹೆಚ್ಚು?

ಚೊಚ್ಚಲ ಬಸುರಿಯರು, ಅವಳಿ ಮಕ್ಕಳನ್ನು ಹೊತ್ತವರು, ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರು, ತೂಕ ಹೆಚ್ಚಿರುವವರು ಜಾಗ್ರತೆ ವಹಿಸಬೇಕು. ಹಿಂದಿನ ಹೆರಿಗೆಯಲ್ಲಿ ನಿಮಗೆ ಅಥವಾ ನಿಮ್ಮ ಅಮ್ಮ, ಅಕ್ಕ-ತಂಗಿಗೆ ಇದು ಬಂದಿದ್ದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿ. ಅಪಾಯ ಹೆಚ್ಚಿರುವವರಿಗೆ 16 ವಾರದೊಳಗೇ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡುವುದುಂಟು. ನೀವಾಗೇ ತಗೋಬೇಡಿ.

ಚಿಕಿತ್ಸೆ ಏನು?

ಉಪ್ಪು ಬಿಟ್ಟರೆ ಇದು ವಾಸಿಯಾಗುವುದಿಲ್ಲ. ಹೆರಿಗೆಯೇ ಮುಖ್ಯ ಪರಿಹಾರ. ದಿನ ತುಂಬದಿದ್ದರೆ ಮಾತ್ರೆಯಿಂದ ಬಿ.ಪಿ. ಹತೋಟಿಯಲ್ಲಿಟ್ಟು, ತಾಯಿ-ಮಗುವನ್ನು ಗಮನಿಸುತ್ತಾ ಸಮಯ ಕಾಯುತ್ತಾರೆ. ಪರಿಸ್ಥಿತಿ ಕೈಮೀರುವಂತಿದ್ದರೆ ಬೇಗ ಹೆರಿಗೆ ಮಾಡಿಸುತ್ತಾರೆ. ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಕೊಡುತ್ತಾರೆ. ಇದರಿಂದ ಫಿಟ್ಸ್‌ನ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು 2002ರ ದೊಡ್ಡ ಅಧ್ಯಯನವೊಂದು ತೋರಿಸಿದೆ.

ಮಗು ಹುಟ್ಟಿತು, ಇನ್ನು ಚಿಂತೆಯಿಲ್ಲ ಅನ್ನುವ ಹಾಗೂ ಇಲ್ಲ. ಹೆರಿಗೆಯಾದ ಆರು ವಾರದೊಳಗೆ ಬಾಣಂತಿಗೂ ಇದು ಬರಬಹುದು. ಬಾಣಂತಿ ತಲೆನೋವು ಅಂದರೆ ಬರೀ ‘ಶೀತ’ ಎನ್ನಬೇಡಿ.

ತವರಿಗೆ ಹೊರಡುವಾಗ ಸೀರೆಯ ಜೊತೆ ತಾಯಿ ಕಾರ್ಡ್, ಪರೀಕ್ಷೆಯ ವರದಿಗಳೂ ಬ್ಯಾಗಿನಲ್ಲಿರಲಿ. ನಾಲ್ಕನೇ ತಿಂಗಳ ನಂತರ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆಯ ಸೌಲಭ್ಯವಿದೆ. ತುರ್ತಿಗೆ 108 ಇದೆ.

ಬಳೆ ಏರದಿದ್ದರೆ ದೊಡ್ಡ ಅಳತೆಯದ್ದು ತರಿಸಿದರಾಯಿತು. ಅದಕ್ಕೂ ಮೊದಲು ಒಮ್ಮೆ ಬಿ.ಪಿ. ನೋಡಿಸಿ.