ಪೌರತ್ವ ಸಿಕ್ಕಿತು, ಕಸುಬು ಸಿಗಲಿಲ್ಲ

ವೆನೆಜುವೆಲಾದ ವೈದ್ಯರೊಬ್ಬರು ಸ್ಪೇನ್‌ಗೆ ವಲಸೆ ಹೋದರೆ, ಅಲ್ಲಿ ಎರಡು ವರ್ಷ ಕಾನೂನುಬದ್ಧವಾಗಿ ನೆಲೆಸಿದ ಮೇಲೆ ಆ ದೇಶದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಅದೇ ಎರಡು ವರ್ಷಗಳಲ್ಲಿ ಅವರ ವೈದ್ಯಕೀಯ ಪದವಿಗೆ ಮಾನ್ಯತೆ ಸಿಗುತ್ತದೆಂಬ ಭರವಸೆ ಇಲ್ಲ. ಮೆಕ್ಸಿಕೊದ ಎಂಜಿನಿಯರ್ ಅಮೆರಿಕಕ್ಕೆ ಹೋದರೆ ಕಥೆ ತಿರುವುಮುರುವು. ಮೊದಲ ದಿನದಿಂದಲೇ ಅವರು ಎಂಜಿನಿಯರ್ ಆಗಿ ದುಡಿಯಬಹುದು. ಇಪ್ಪತ್ತು ವರ್ಷ ದುಡಿದರೂ ಆ ವೀಸಾದ ಬಲದಿಂದಷ್ಟೇ ಪೌರತ್ವದ ಹಾದಿ ತೆರೆಯುವುದಿಲ್ಲ. ಇನ್ನು ಪೋರ್ಟೊರಿಕೊದ ವೈದ್ಯರಿಗೆ ಹುಟ್ಟಿನಿಂದಲೇ ಅಮೆರಿಕದ ಪೌರತ್ವವಿದೆ. ಆದರೂ ನ್ಯೂಯಾರ್ಕ್‌ನಲ್ಲೋ ಫ್ಲಾರಿಡಾದಲ್ಲೋ ‘ನೀವು ಯಾವ ದೇಶದವರು?’ ಎಂಬ ಪ್ರಶ್ನೆ ಅವರ ಬೆನ್ನು ಬಿಡುವುದಿಲ್ಲ.

ಓದಿದವರಿಗೆ, ಕೈಯಲ್ಲಿ ಕಸುಬು ಇರುವವರಿಗೆ ವಲಸೆ ಸುಲಭ ಎಂಬ ಸಾಮಾನ್ಯ ನಂಬಿಕೆಯಿದೆ. ಲ್ಯಾಟಿನ್ ಅಮೆರಿಕದ ವೃತ್ತಿಪರರ ಅನುಭವ ಈ ನಂಬಿಕೆಯನ್ನು ಅಷ್ಟಾಗಿ ಸಮರ್ಥಿಸುವುದಿಲ್ಲ. ಪೌರತ್ವ ಕೊಡುವುದು ಸರ್ಕಾರ. ಕಸುಬು ನಡೆಸಲು ಒಪ್ಪಿಗೆ ಕೊಡುವುದು ಬಹುಮಟ್ಟಿಗೆ ಪರವಾನಗಿ ಮಂಡಳಿ, ಶಿಕ್ಷಣ ಇಲಾಖೆ ಅಥವಾ ಉದ್ಯೋಗದಾತ. ‘ಇವರು ನಮ್ಮವರು’ ಎಂದು ಒಪ್ಪಿಕೊಳ್ಳಬೇಕಾದುದು ನೆರೆಹೊರೆ. ಬಾಗಿಲು ಮೂರು, ಬೀಗವೂ ಮೂರು. ಒಂದರ ಕೀಲಿ ಇನ್ನೊಂದಕ್ಕೆ ಹೊಂದುವುದಿಲ್ಲ.

ಹೆಸರಿನ ಗೋಜಲು

‘ಲ್ಯಾಟಿನೊ’ ಎಂಬ ಹಣೆಪಟ್ಟಿಯೇ ಗಡಿ ದಾಟಿದ ಮೇಲೆ ಅಂಟಿಕೊಳ್ಳುವಂಥದ್ದು. ಬೊಗೋಟಾದಲ್ಲಿ ಇರುವಷ್ಟು ದಿನ ವ್ಯಕ್ತಿ ಕೊಲಂಬಿಯಾದವನು, ಲಿಮಾದಲ್ಲಿ ಇರುವಷ್ಟು ದಿನ ಪೆರುವಿನವನು. ಅಮೆರಿಕದಲ್ಲಿ ವಿಮಾನ ಇಳಿದ ಮೇಲೆ ಇಬ್ಬರೂ ಒಂದೇ ಗುಂಪು. 1980ರ ಜನಗಣತಿಯಲ್ಲಿ ಅಮೆರಿಕ ಪ್ರತಿ ಮನೆಯನ್ನೂ ಸ್ಪ್ಯಾನಿಷ್ ಅಥವಾ ಹಿಸ್ಪಾನಿಕ್ ಮೂಲದ ಬಗ್ಗೆ ಕೇಳಿತು. 2000ದ ನಮೂನೆಯಲ್ಲಿ ‘ಲ್ಯಾಟಿನೊ’ ಎಂಬ ಮಾತೂ ಸೇರಿತು. ಪೋರ್ಚುಗೀಸ್ ಆಡುವ ಬ್ರೆಜಿಲ್‌ನವರು ಹಿಸ್ಪಾನಿಕ್ ಅಲ್ಲ, ಆದರೆ ವಾಡಿಕೆಯಲ್ಲಿ ಲ್ಯಾಟಿನೊ. ತಮ್ಮ ಊರಿನಲ್ಲಿ ಮೇಲ್ಮಧ್ಯಮ ವರ್ಗದ ಗಣ್ಯರಾಗಿದ್ದವರು ಇಲ್ಲಿ ‘ಅಲ್ಪಸಂಖ್ಯಾತ’ ಎಂಬ ಹೊಸ ಗುರುತಿಗೆ ಒಗ್ಗಿಕೊಳ್ಳಬೇಕಾಗುತ್ತದೆ.

ವ್ಯಕ್ತಿಯ ಹೆಸರಿಗೂ ಇದೇ ಗತಿ. ಸ್ಪ್ಯಾನಿಷ್ ಪದ್ಧತಿಯಲ್ಲಿ ಒಬ್ಬರಿಗೆ ಎರಡು ಮನೆತನದ ಹೆಸರು: ರೂಢಿಯಂತೆ ಮೊದಲಿನದು ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ಇಂಗ್ಲಿಷ್ ನಮೂನೆಯಲ್ಲಿ ಕೊನೆಯ ಹೆಸರಿಗೆ ಒಂದೇ ಕಂಡಿ. ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರನ್ನು ಕನ್ನಡ ಓದುಗರೂ ‘ಮಾರ್ಕ್ವೆಜ್’ ಎಂದೇ ಬಲ್ಲರು. ಅದು ತಾಯಿಯ ಮನೆತನದ ಹೆಸರು, ತಂದೆಯದು ಗಾರ್ಸಿಯಾ. ಇನಿಷಿಯಲ್ ಬಿಡಿಸಿ, ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ‘ಸರ್‌ನೇಮ್’ ಮಾಡಿಕೊಂಡು ವಿದೇಶಕ್ಕೆ ಹೋದ ಕನ್ನಡಿಗರಿಗೆ ಈ ಪೇಚು ಹೊಸದಲ್ಲ. ಪದವಿ ಪತ್ರದಲ್ಲಿ ಒಂದು ಹೆಸರು, ವೀಸಾದಲ್ಲಿ ಇನ್ನೊಂದು ಎಂದಾದರೆ ಎರಡೂ ಒಬ್ಬರದೇ ಎಂದು ರುಜುವಾತು ಮಾಡುವ ಹೊಣೆ ಅರ್ಜಿದಾರರ ಮೇಲೆ ಬೀಳುತ್ತದೆ.

ಪೌರರಾದರೂ ಪರಕೀಯರು

ಕೆರಿಬಿಯನ್ ದ್ವೀಪವಾದ ಪೋರ್ಟೊರಿಕೊವನ್ನು ಅಮೆರಿಕ 1898ರ ಯುದ್ಧದಲ್ಲಿ ಸ್ಪೇನ್‌ನಿಂದ ಪಡೆಯಿತು. 1917ರ ಜೋನ್ಸ್ ಕಾಯ್ದೆ ಅಲ್ಲಿಯ ಜನರಿಗೆ ಅಮೆರಿಕದ ಪೌರತ್ವ ಕೊಟ್ಟಿತು. ಆದರೆ ಆ ಪೌರತ್ವದ ತೂಕ ವಾಸಸ್ಥಳದ ಮೇಲೆ ಬದಲಾಗುತ್ತದೆ. ದ್ವೀಪದಲ್ಲಿ ಇರುವವರೆಗೆ ಅಧ್ಯಕ್ಷೀಯ ಚುನಾವಣೆಯಲ್ಲಿ ಮತವಿಲ್ಲ. ಅದೇ ವ್ಯಕ್ತಿ ಫ್ಲಾರಿಡಾಕ್ಕೆ ಮನೆ ಬದಲಿಸಿದರೆ ಮತದಾರ.

ವೃತ್ತಿಪರರಿಗೆ ಇಲ್ಲಿ ವೀಸಾದ ತಕರಾರಿಲ್ಲ. ದ್ವೀಪದ ಪ್ರಮುಖ ವೈದ್ಯಕೀಯ ಕಾಲೇಜುಗಳು ಅಮೆರಿಕದ ಮಾನ್ಯತಾ ವ್ಯವಸ್ಥೆಯೊಳಗೇ ಇರುವುದರಿಂದ ಪದವಿಯ ತಕರಾರೂ ಕಡಿಮೆ. ಆದ್ದರಿಂದಲೇ ಹೊರಹರಿವು ಜೋರಾಗಿದೆ. 2010ರಲ್ಲಿ ಸುಮಾರು 37 ಲಕ್ಷವಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 33 ಲಕ್ಷಕ್ಕೆ ಇಳಿದಿತ್ತು. ಸಾಲದ ಬಿಕ್ಕಟ್ಟು ಮತ್ತು 2017ರ ಸೆಪ್ಟೆಂಬರ್‌ನಲ್ಲಿ ಅಪ್ಪಳಿಸಿದ ಮರಿಯಾ ಚಂಡಮಾರುತ ಇದಕ್ಕೆ ದೊಡ್ಡ ಕಾರಣಗಳು. ದ್ವೀಪದಲ್ಲಿ ಉಳಿದವರಿಗಿಂತ ಹೆಚ್ಚು ಪೋರ್ಟೊರಿಕೊ ಮೂಲದವರು ಇಂದು ಅಮೆರಿಕದ ಮುಖ್ಯ ಭೂಭಾಗದಲ್ಲಿದ್ದಾರೆ. ಕಾಗದದ ಪ್ರಕಾರ ಇದು ವಲಸೆಯೇ ಅಲ್ಲ. ಒಂದೇ ದೇಶದೊಳಗೆ ಊರು ಬದಲಿಸಿದಂತೆ. ನೆರೆಹೊರೆಯವರ ಕಣ್ಣಿಗೆ ಮಾತ್ರ ಅವರು ಬೇರೆ ದೇಶದಿಂದ ಬಂದವರು.

ಕೆಲಸವುಂಟು, ನೆಲೆಯಿಲ್ಲ

ಮೆಕ್ಸಿಕೊದ್ದು ಬೇರೆಯೇ ಬಗೆ. 1994ರ ಜನವರಿ 1ರಂದು ಜಾರಿಗೆ ಬಂದ ನಾಫ್ಟಾ ವ್ಯಾಪಾರ ಒಪ್ಪಂದವು ಎಂಜಿನಿಯರ್, ಲೆಕ್ಕಪರಿಶೋಧಕ, ವಿಜ್ಞಾನಿ, ಕಾಲೇಜು ಅಧ್ಯಾಪಕ ಮುಂತಾದ ವೃತ್ತಿಗಳ ಪಟ್ಟಿಯೊಂದನ್ನು ಮಾಡಿತು. ಆ ವೃತ್ತಿಯವರಿಗೆ ‘ಟಿಎನ್’ ಎಂಬ ಪರವಾನಗಿ. ಮೊದಲ ಹತ್ತು ವರ್ಷ ಮೆಕ್ಸಿಕೊದವರಿಗೆ ವರ್ಷಕ್ಕೆ 5,500ರ ಮಿತಿಯಿತ್ತು. 2004ರಲ್ಲಿ ಅದು ಹೋಯಿತು. 2020ರಲ್ಲಿ ನಾಫ್ಟಾ ಜಾಗಕ್ಕೆ ಹೊಸ ಒಪ್ಪಂದ ಬಂದರೂ ಟಿಎನ್ ಉಳಿಯಿತು. ಒಂದು ಸಲಕ್ಕೆ ಗರಿಷ್ಠ ಮೂರು ವರ್ಷ, ಮತ್ತೆ ಮತ್ತೆ ನವೀಕರಿಸಬಹುದು.

ಆದರೆ ಅರ್ಜಿದಾರರು ಪ್ರತಿ ಸಲವೂ ತಮ್ಮ ವಾಸ ತಾತ್ಕಾಲಿಕವೆಂದು ಅಧಿಕಾರಿಗಳಿಗೆ ಮನವರಿಕೆ ಮಾಡಬೇಕು. ಜೊತೆಗೆ ಬಂದ ಗಂಡ ಅಥವಾ ಹೆಂಡತಿ ಆ ವೀಸಾದಲ್ಲಿ ದುಡಿಯುವಂತಿಲ್ಲ. ಎಚ್-1ಬಿ ವೀಸಾದಲ್ಲಿ ಹೋದ ಬೆಂಗಳೂರಿನ ಎಂಜಿನಿಯರ್‌ಗೆ ಗ್ರೀನ್‌ಕಾರ್ಡ್‌ನ ಸರದಿ ಎಷ್ಟೇ ಉದ್ದವಿದ್ದರೂ ಆ ಸರದಿಯಲ್ಲಿ ನಿಲ್ಲಲು ಅಡ್ಡಿಯಿಲ್ಲ. ಟಿಎನ್‌ನಲ್ಲಿ ಇರುವವರು ಕಾಯಂ ನೆಲೆಸುವ ಇಚ್ಛೆ ತೋರಿಸಿದರೆ ಮುಂದಿನ ನವೀಕರಣಕ್ಕೇ ಕುತ್ತು ಬರಬಹುದು. ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಓದಿ, ಮನೆಯ ಕಂತು ತೀರುತ್ತಾ ಬಂದರೂ ಯಜಮಾನರು ಕಾಗದದಲ್ಲಿ ‘ತಾತ್ಕಾಲಿಕ’ರೇ.

ಪೌರತ್ವ ದಕ್ಕಿದವರಿಗೂ ಬೆಲೆ ತೆರಬೇಕಾದ ಕಾಲವೊಂದಿತ್ತು. ಓಜೋನ್ ಪದರಕ್ಕೆ ಆಗುತ್ತಿರುವ ಹಾನಿಯನ್ನು 1974ರಲ್ಲಿ ಸಹೋದ್ಯೋಗಿಯೊಂದಿಗೆ ವಿವರಿಸಿದ ರಸಾಯನ ವಿಜ್ಞಾನಿ ಮಾರಿಯೊ ಮೊಲಿನಾ ಮೆಕ್ಸಿಕೊ ನಗರದಲ್ಲಿ ಹುಟ್ಟಿದವರು. 1989ರಲ್ಲಿ ಅಮೆರಿಕದ ಪೌರರಾದರು, 1995ರಲ್ಲಿ ನೊಬೆಲ್ ಪಡೆದರು. ಬೇರೆ ದೇಶದ ಪೌರತ್ವ ಪಡೆದವರು ಹುಟ್ಟಿದ ದೇಶದ ರಾಷ್ಟ್ರೀಯತೆ ಕಳೆದುಕೊಳ್ಳುತ್ತಿದ್ದ ಕಾಲ ಅದು. ಎರಡನ್ನೂ ಇಟ್ಟುಕೊಳ್ಳಲು ಮೆಕ್ಸಿಕೊ ಅವಕಾಶ ಕೊಟ್ಟದ್ದು 1998ರಲ್ಲಿ.

ಭಾಷೆ ಒಂದೇ, ಪದವಿ ಬೇರೆ

ಸ್ಪೇನ್‌ನ ನಾಗರಿಕ ಸಂಹಿತೆಯ 22ನೇ ವಿಧಿಯಂತೆ ಪೌರತ್ವ ಬೇಕಿರುವ ಪರದೇಶಿಯರು ಸಾಮಾನ್ಯವಾಗಿ ಹತ್ತು ವರ್ಷ ನೆಲೆಸಿರಬೇಕು. ಮೊರಾಕ್ಕೊದವರಿಗೂ ಭಾರತದವರಿಗೂ ಇದೇ ನಿಯಮ. ಲ್ಯಾಟಿನ್ ಅಮೆರಿಕದ ಹಳೆಯ ವಸಾಹತುಗಳವರಿಗೆ ಎರಡೇ ವರ್ಷ ಸಾಕು. ಭಾಷಾ ಪರೀಕ್ಷೆಯಿಂದಲೂ ಸ್ಪ್ಯಾನಿಷ್ ನಾಡಿನವರಿಗೆ ವಿನಾಯಿತಿ.

ಇಷ್ಟು ಉದಾರವಾದ ಕಾನೂನು ಪದವಿಯ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿಯುತ್ತದೆ. ವೈದ್ಯ, ದಂತವೈದ್ಯ, ವಾಸ್ತುಶಿಲ್ಪಿ ಮುಂತಾದ ನಿಯಂತ್ರಿತ ವೃತ್ತಿಗಳಿಗೆ ‘ಓಮೊಲೊಗಾಸಿಯೊನ್’ ಬೇಕು. ಎಂದರೆ ತಮ್ಮ ಪದವಿ ಸ್ಪೇನ್‌ನ ಪದವಿಗೆ ಸಮಾನವೆಂಬ ಸರ್ಕಾರಿ ಆದೇಶ. 2022ರ ರಾಜಾಜ್ಞೆ ಇದಕ್ಕೆ ಆರು ತಿಂಗಳ ಗಡುವು ಹಾಕಿತು. ಆದರೂ ಅದಕ್ಕಿಂತ ಬಹಳ ಹೆಚ್ಚು ಕಾಲ ಕಾದವರ ದೂರುಗಳು ನಿಂತಿಲ್ಲ. ವೆನೆಜುವೆಲಾದಂಥ ಕುಸಿದ ಆಡಳಿತದಿಂದ ಅಂಕಪಟ್ಟಿ, ಮೊಹರು ತರಿಸುವುದೇ ಒಂದು ಹೋರಾಟ. ಪದವಿ ಒಪ್ಪಿತವಾದ ಮೇಲೂ ತಜ್ಞವೈದ್ಯರ ತಜ್ಞತೆಗೆ ಪ್ರತ್ಯೇಕ ಮಾನ್ಯತೆ ಬೇಕು. ಈ ನಡುವೆ ಹೊಟ್ಟೆ ಕಾಯುವುದಿಲ್ಲ. ವೃದ್ಧರ ಆರೈಕೆ, ಹೋಟೆಲಿನ ಅಡುಗೆಮನೆ, ಸೈಕಲ್ಲಿನಲ್ಲಿ ಊಟ ತಲುಪಿಸುವ ಕೆಲಸ ಇವೇ ಗತಿ.

ಭಾಷೆ ಒಂದೇ ಎಂಬುದೂ ಪೂರ್ತಿ ಆಸರೆಯಲ್ಲ. ಉಚ್ಚಾರ ಕೇಳಿದೊಡನೆ ಮೂಲ ಗೊತ್ತಾಗುತ್ತದೆ. ದಕ್ಷಿಣ ಅಮೆರಿಕದವರನ್ನು ಹೀಗಳೆಯಲು ಸ್ಪೇನ್‌ನಲ್ಲಿ ‘ಸುದಾಕಾ’ ಎಂಬ ಮಾತೇ ಇದೆ. ಇನ್ನೊಂದು ಕಡೆ, ಬಾರ್ಸಿಲೋನಾದಲ್ಲಿ ಲೆಕ್ಕಕ್ಕೆ ‘ಇಟಲಿಯವರು’ ಎನಿಸಿಕೊಂಡವರಲ್ಲಿ ಗಣನೀಯ ಪಾಲು ಅರ್ಜೆಂಟೀನಾದಲ್ಲಿ ಹುಟ್ಟಿದವರು. ಇಟಲಿಯಿಂದ ಬಂದ ಹಿರಿಯರ ನಂಟಿನಿಂದ ಆ ಪಾಸ್‌ಪೋರ್ಟ್ ಪಡೆದು ಅವರು ಯುರೋಪಿನಲ್ಲಿ ಎಲ್ಲಿ ಬೇಕಾದರೂ ನೆಲೆಸಬಲ್ಲರು.

ಇಲ್ಲಿ ಇತಿಹಾಸದ ವ್ಯಂಗ್ಯವೊಂದನ್ನು ಗಮನಿಸಬೇಕು. 1939ರಲ್ಲಿ ಸ್ಪೇನ್‌ನ ಅಂತರ್ಯುದ್ಧದಲ್ಲಿ ಸೋತ ಗಣರಾಜ್ಯವಾದಿಗಳಲ್ಲಿ ಸುಮಾರು 20,000 ಮಂದಿಗೆ ಅಧ್ಯಕ್ಷ ಲಾಸಾರೊ ಕಾರ್ಡೆನಸ್ ಅವರ ಮೆಕ್ಸಿಕೊ ಆಶ್ರಯ ಕೊಟ್ಟಿತು. ಅವರಲ್ಲಿ ಪ್ರಾಧ್ಯಾಪಕರು, ವೈದ್ಯರು, ಪ್ರಕಾಶಕರು ಇದ್ದರು. ಅವರಿಗಾಗಿ 1938ರಲ್ಲೇ ತೆರೆದಿದ್ದ ವಿದ್ವಾಂಸರ ಸಂಸ್ಥೆ 1940ರಲ್ಲಿ ಎಲ್ ಕೊಲೆಹಿಯೊ ದೆ ಮೆಹಿಕೊ ಆಯಿತು. ಅದು ಇಂದಿಗೂ ಆ ದೇಶದ ದೊಡ್ಡ ವಿದ್ಯಾಕೇಂದ್ರ. ಅಂದು ಸ್ಪೇನ್‌ನ ವಿದ್ವಾಂಸರು ಮೆಕ್ಸಿಕೊದಲ್ಲಿ ತಮ್ಮ ಕಸುಬಿಗೇ ಮರಳಲು ದಾರಿಯಾಗಿತ್ತು.

ಬೀಗ ತೆಗೆಯುವ ಕೈ

ಎಲ್ಲ ವೃತ್ತಿಗಳಿಗೂ ಒಂದೇ ಅಡ್ಡಿಯಿಲ್ಲ. 2002-03ರ ಮುಷ್ಕರದ ನಂತರ ವೆನೆಜುವೆಲಾದ ಸರ್ಕಾರಿ ತೈಲ ಕಂಪೆನಿ ಸುಮಾರು 18,000 ನೌಕರರನ್ನು ವಜಾ ಮಾಡಿತು. ಅವರಲ್ಲಿ ಅನೇಕರು ಕೆನಡಾದ ಆಲ್ಬರ್ಟಾ, ಅಮೆರಿಕದ ಹ್ಯೂಸ್ಟನ್, ನೆರೆಯ ಕೊಲಂಬಿಯಾದಲ್ಲಿ ಮತ್ತೆ ತೈಲದ ಕೆಲಸವನ್ನೇ ಹಿಡಿದರು. ಒರಿನೊಕೊ ಕಣಿವೆಯ ತೈಲ ಮಂದ, ಭಾರ, ಆಲ್ಬರ್ಟಾದ್ದೂ ಅಂಥದ್ದೇ. ಅದನ್ನು ಮೇಲೆತ್ತಿ ಬಲ್ಲವರು ಕಂಪೆನಿಗಳಿಗೆ ಬೇಕಿತ್ತು. ಕೌಶಲವನ್ನು ಕೆಲಸ ಕೊಡುವವರೇ ಅಳೆಯುವಲ್ಲಿ ಬಾಗಿಲು ಬೇಗ ತೆರೆಯುತ್ತದೆ. ಪರವಾನಗಿ ಮಂಡಳಿ ಅಳೆಯುವಲ್ಲಿ ತಡವಾಗುತ್ತದೆ.

ಮಂಡಳಿಗಳ ಎಚ್ಚರಕ್ಕೆ ಕಾರಣವಿಲ್ಲದಿಲ್ಲ. ರೋಗಿಯ ಪ್ರಾಣ ವೈದ್ಯರ ಕೈಯಲ್ಲಿರುತ್ತದೆ. ಆದರೆ ಎಚ್ಚರಕ್ಕೂ ವಿಳಂಬಕ್ಕೂ ವ್ಯತ್ಯಾಸವಿದೆ ಎಂಬುದಕ್ಕೆ ಕ್ಯೂಬಾದ ವೈದ್ಯರೇ ಸಾಕ್ಷಿ. 1959ರ ಕ್ರಾಂತಿಯ ನಂತರದ ಕೆಲವೇ ವರ್ಷಗಳಲ್ಲಿ ಆ ದೇಶದ ಸುಮಾರು 6,000 ವೈದ್ಯರಲ್ಲಿ ಅರ್ಧದಷ್ಟು ಜನ ಹೊರನಡೆದರು. ಶೀತಲ ಸಮರದ ಆ ಕಾಲದಲ್ಲಿ ಅಮೆರಿಕ ಅವರನ್ನು ಬರಮಾಡಿಕೊಂಡಿತು. ಮಿಯಾಮಿ ವಿಶ್ವವಿದ್ಯಾಲಯ ಅವರಿಗೆಂದು ಪರೀಕ್ಷಾ ತಯಾರಿಯ ತರಗತಿ ನಡೆಸಿತು. 1966ರ ಕಾಯ್ದೆ ಕಾಯಂ ವಾಸದ ಹಾದಿಯನ್ನು ಸುಲಭಗೊಳಿಸಿತು. 2006ರಿಂದ 2017ರ ಜನವರಿಯವರೆಗೆ, ಬೇರೆ ದೇಶಗಳಿಗೆ ನಿಯೋಜಿತರಾಗಿದ್ದ ಕ್ಯೂಬಾ ವೈದ್ಯರಿಗೆ ಅಮೆರಿಕ ಮತ್ತೆ ವಿಶೇಷ ಪ್ರವೇಶ ಕೊಟ್ಟಿತು. ಈ ಸಲ ದೇಶದ ಬಾಗಿಲು ತೆರೆಯಿತು, ಆಸ್ಪತ್ರೆಯದು ತೆರೆಯಲಿಲ್ಲ. ಪರವಾನಗಿ ಪರೀಕ್ಷೆ ಮತ್ತು ಆಸ್ಪತ್ರೆ ತರಬೇತಿಯ ಹಾದಿ ಹಿಡಿಯಲಾಗದೆ ಅನೇಕರು ಸಹಾಯಕರ ಕೆಲಸದಲ್ಲೇ ಉಳಿದರು.

2020ರ ಏಪ್ರಿಲ್‌ನಲ್ಲಿ ಕೊರೊನಾ ಸೋಂಕು ಆಸ್ಪತ್ರೆಗಳನ್ನು ತುಂಬಿದಾಗ ನ್ಯೂಜೆರ್ಸಿ ರಾಜ್ಯ, ಬೇರೆ ದೇಶಗಳಲ್ಲಿ ಪರವಾನಗಿ ಪಡೆದಿದ್ದ ವೈದ್ಯರಿಗೆ ತುರ್ತಾಗಿ ತಾತ್ಕಾಲಿಕ ಪರವಾನಗಿ ಕೊಡಲು ಮುಂದಾಯಿತು. ಮಾರ್ಚ್‌ನಲ್ಲಿ ಅಸಾಧ್ಯವಾಗಿದ್ದದ್ದು ಏಪ್ರಿಲ್‌ನಲ್ಲಿ ಸಾಧ್ಯವಾಯಿತು. ಈ ನಡುವೆ ಆ ವೈದ್ಯರ ವಿದ್ಯೆಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಅವರ ಅಗತ್ಯ ಮಾತ್ರ.

ವೆನೆಜುವೆಲಾದಿಂದ ಈವರೆಗೆ 70 ಲಕ್ಷಕ್ಕೂ ಹೆಚ್ಚು ಜನ ಹೊರಹೋಗಿದ್ದಾರೆ. ಅವರಲ್ಲಿ ಎಷ್ಟೋ ವೈದ್ಯರನ್ನು, ಎಂಜಿನಿಯರುಗಳನ್ನು ಓದಿಸಿದ್ದು ಅಲ್ಲಿಯ ಸಾರ್ವಜನಿಕ ವಿಶ್ವವಿದ್ಯಾಲಯಗಳು. ಮಕ್ಕಳ ತಜ್ಞರೊಬ್ಬರು ಮ್ಯಾಡ್ರಿಡ್‌ನಲ್ಲಿ ವೃದ್ಧರ ಗಾಲಿಕುರ್ಚಿ ತಳ್ಳುತ್ತಿದ್ದರೆ ಅವರ ವಿದ್ಯೆ ಅತ್ತ ಕರಾಕಸ್‌ನ ಮಕ್ಕಳಿಗೂ ಇಲ್ಲ, ಇತ್ತ ಮ್ಯಾಡ್ರಿಡ್‌ನ ಮಕ್ಕಳಿಗೂ ಇಲ್ಲ. ಅವರಿಗೆ ಸ್ಪೇನ್‌ನ ಪಾಸ್‌ಪೋರ್ಟ್ ಸಿಕ್ಕ ದಿನವೂ ಈ ಲೆಕ್ಕ ಬದಲಾಗುವುದಿಲ್ಲ.