ತಗಡಿನ ಮಾಡಿಗೆ ಕೆಂಪು ಬಣ್ಣ

ಅಡಕೆ ಬೇಯಿಸುವ ಕೊಟ್ಟಿಗೆಯ ಮಾಡನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಆಗುಂಬೆ ಕಡೆಯ ತೋಟದ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಜಗಲಿಯ ಕಂಬಗಳ ಮೇಲೆ, ಆಮೇಲೆ ಅಂಗಳದ ಚಪ್ಪರದ ಮೇಲೆ, ಕೊನೆಗೆ ಕಣಿವೆಯುದ್ದಕ್ಕೂ ಇಳಿದುಹೋದ ತೋಟದ ಮೇಲೆ. ಮನೆಯ ಹಿಂದೆ, ಬಚ್ಚಲಿನ ಆಚೆ, ಹಲಸಿನ ಮರದ ಬುಡದಲ್ಲಿ ಕೂತ ಈ ಕೊಟ್ಟಿಗೆಗೆ ನೆಂಟರು ಕಾಲಿಡುವುದೂ ಇಲ್ಲ. ಆದರೆ ಮನೆಯ ವರ್ಷದ ದುಡಿಮೆಯೆಲ್ಲ ಒಮ್ಮೆ ಈ ಮಾಡಿನ ಕೆಳಗೆ ಹಾಯಲೇಬೇಕು. ದೀಪಾವಳಿಯ ಆಚೀಚೆ ಕೊನೆ ಇಳಿಸಲು ಶುರುವಾದರೆ, ಸುಲಿದ ಹಸಿ ಅಡಕೆ ಹಂಡೆಗಟ್ಟಲೆ ಚೊಗರಿನಲ್ಲಿ ಕುದಿಯುವುದು ಇಲ್ಲೇ.

ಹಾಗಾಗಿ ಈ ತಗಡಿಗೆ ಎರಡೂ ಕಡೆಯಿಂದ ಪೆಟ್ಟು. ಮೇಲಿನಿಂದ ಮಳೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಕೆಳಗಿನಿಂದ ಒಲೆಯ ಹೊಗೆ, ಹಂಡೆಯ ಆವಿ. ಚಳಿಗಾಲದ ಬೆಳಗಿನ ಜಾವ ಆ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ, ಮಸಿಯ ಜೊತೆ ಕಲೆತು ಕಪ್ಪು ನೀರಾಗಿ ರೀಪಿನ ಗುಂಟ ಇಳಿಯುತ್ತದೆ. ಒಲೆಯ ನೆತ್ತಿಯ ಮೇಲಿನ ಎರಡು ತಗಡುಗಳು ಉಳಿದವುಗಳಿಗಿಂತ ಬೇಗ ಮುದಿಯಾಗುವುದು ಇದರಿಂದಲೇ.

ಮಲೆನಾಡಿನ ಕೊಟ್ಟಿಗೆಗಳು ಮೊದಲು ಸೋಗೆಯವು. ಪ್ರತಿ ವರ್ಷ ಹೊದಿಕೆ ಹೊಸದಾಗಬೇಕಿತ್ತು, ಒಲೆಯ ಕಿಡಿಯ ಹೆದರಿಕೆಯೂ ಇತ್ತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯ ಕೆಂಪು ಹಂಚು ನಿಧಾನವಾಗಿ ಘಟ್ಟ ಹತ್ತಿ ಮನೆಗಳನ್ನು ಹೊದಿಸಿತು. ಹಿತ್ತಲಿನ ಕಟ್ಟಡಗಳಿಗೆ ಒದಗಿದ್ದು ಅಲೆ ಅಲೆಯಾದ ಸತುವಿನ ತಗಡು. ತೆಳು ಕಬ್ಬಿಣವನ್ನು ಅಲೆಯಾಗಿ ಬಗ್ಗಿಸಿದರೆ ಅದು ತನ್ನ ಭಾರವನ್ನು ತಾನೇ ಹೊರುತ್ತದೆಂಬುದನ್ನು ಬಳಕೆಗೆ ತಂದು 1829ರಲ್ಲಿ ಪೇಟೆಂಟ್ ಪಡೆದವನು ಲಂಡನ್ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್. ಕಾದು ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ತೆಗೆಯುವ ವಿಧಾನಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ಈ ಎರಡೂ ಸೇರಿದ ಮೇಲೆ ತಗಡು ಜಗತ್ತನ್ನೆಲ್ಲ ಸುತ್ತಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಗೋದಾಮುಗಳಿಂದ ಹಿಡಿದು ಈ ಒಲೆಯ ಕೊಟ್ಟಿಗೆಯವರೆಗೆ ಅದೇ ತಗಡು, ಅದೇ ಅಲೆ.

ಸತುವಿನ ಗುಣ ದೊಡ್ಡದು. ಗೀರು ಬಿದ್ದು ಕಬ್ಬಿಣ ಬಯಲಾದರೂ ಸುತ್ತಲಿನ ಸತು ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಹೀಗೆ ಕಾಯುತ್ತಾ ಕಾಯುತ್ತಾ ಒಂದು ದಿನ ಅದೇ ಮುಗಿದುಹೋಗುತ್ತದೆ. ಬೆಳ್ಳಗಿದ್ದ ಮಾಡು ಮೊದಲು ಬೂದಿ ಬಣ್ಣಕ್ಕೆ, ಆಮೇಲೆ ಬೋಲ್ಟುಗಳ ಸುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹಚ್ಚುವ ಕಾಲ ಬಂತೆಂದು ಮಾಡೇ ಹೇಳುವುದು ಹೀಗೆ.

ಭರಣಿ ಮಳೆಯ ಹೊತ್ತು. ನಾಲ್ಕು ಬಿಸಿಲು, ಒಂದು ಗುಡುಗು ಎನ್ನುವಂಥ ಮೇ ತಿಂಗಳು. ಪೇಂಟರ್ ಬೆಳಗ್ಗೆ ಏಳಕ್ಕೆಲ್ಲ ಬಿದಿರಿನ ಏಣಿ ಹೊತ್ತು ಬಂದಿದ್ದಾರೆ, ಜೊತೆಗೆ ಅಕ್ಕನ ಮಗ. ಬಣ್ಣದ ಡಬ್ಬಿಗೆ ಇನ್ನೂ ಕೈ ಹಚ್ಚಿಲ್ಲ. ಅವರು ಮೊದಲು ಹೋಗಿದ್ದು ಕೊಟ್ಟಿಗೆಯ ಒಳಕ್ಕೆ. ಬಾಗಿಲು ಮುಚ್ಚಿಸಿ, ಕಿಟಕಿಗೆ ಗೋಣಿ ಕಟ್ಟಿಸಿ, ಕತ್ತಲಲ್ಲಿ ಕಣ್ಣು ಪಳಗುವವರೆಗೆ ಸುಮ್ಮನೆ ನಿಂತರು. ಆಮೇಲೆ ಮಾಡಿನಲ್ಲಿ ಒಂದೊಂದಾಗಿ ಬೆಳಕಿನ ಚುಕ್ಕಿ ಕಾಣತೊಡಗಿತು, ಒಲೆಯ ಮೇಲೆ ಒತ್ತೊತ್ತಾಗಿ, ಬೇರೆಡೆ ಅಲ್ಲೊಂದು ಇಲ್ಲೊಂದು. ಹುಡುಗ ಸ್ಟೂಲು ಹತ್ತಿ ಪ್ರತಿ ತೂತಿಗೂ ಹಿಡಿಸೂಡಿಯ ಕಡ್ಡಿ ಸಿಕ್ಕಿಸಿದ. ಹೊರಗೆ ಬಂದು ಮೇಲೆ ಹತ್ತಿದರೆ ಎಲ್ಲಿ ರಿಪೇರಿ ಬೇಕೋ ಅಲ್ಲೆಲ್ಲ ಕಡ್ಡಿ ನಿಂತಿದೆ. ಹಗಲು ಬೆಳಕಿನಲ್ಲಿ ಮೇಲಿನಿಂದ ಎಷ್ಟು ಹುಡುಕಿದರೂ ಕಾಣದ ತೂತುಗಳು ಅವು.

ಮಾಡಿನ ಮೇಲೆ ನಡೆಯುವುದಕ್ಕೂ ಒಂದು ದಾರಿಯಿದೆ. ಬೋಲ್ಟುಗಳ ಸಾಲು ಎಲ್ಲಿದೆಯೋ ಅದರ ಕೆಳಗೆ ಮರವಿರುತ್ತದೆ, ಪಾದ ಅಲ್ಲಿಯೇ ಬೀಳಬೇಕು. ಎರಡು ಸಾಲಿನ ನಡುವೆ ಹಲಗೆ ಹಾಸಿಕೊಂಡು ಕೂರಬೇಕು. ರಾತ್ರಿ ಹನಿ ಬಿದ್ದಿದ್ದರೆ, ಪಾಚಿ ಒದ್ದೆಯಿದ್ದರೆ, ಎಷ್ಟೇ ಅವಸರವಿದ್ದರೂ ಹತ್ತಬಾರದು. (ಸಿಮೆಂಟ್ ಶೀಟಿನ ಮಾಡಾದರೆ ಈ ಕೆಲಸದ ರೀತಿಯೇ ಬೇರೆ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದನ್ನು ವೈರ್ ಬ್ರಷ್ಷಿನಲ್ಲಿ ಒಣಗೆ ಉಜ್ಜಿದರೆ ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಭಾರ ಬಿದ್ದರೆ ಶೀಟು ತಟಕ್ಕನೆ ಮುರಿಯುವುದೂ ಉಂಟು. ಅದನ್ನು ಮುಟ್ಟದಿರುವುದೇ ಲೇಸು.)

ಉಜ್ಜುವ ಕೆಲಸ ಶುರುವಾಯಿತು. ಹಲಸಿನ ಎಲೆ, ಬಿದಿರಿನ ತರಗು, ಎರಡು ತಗಡು ಒಂದರ ಮೇಲೊಂದು ಕೂತ ಕಡೆ ಸೇರಿಕೊಂಡ ಕಪ್ಪು ಗೊಬ್ಬರದಂಥ ಮಣ್ಣು, ಅದರಲ್ಲಿ ಬೇರುಬಿಟ್ಟ ಎಳೆ ಜರೀಗಿಡ ಎಲ್ಲ ಕೆಳಗೆ ಬಿದ್ದವು. ಒದ್ದೆ ಎಲೆ ಕೂತ ಜಾಗದಲ್ಲೇ ತುಕ್ಕು ಆಳಕ್ಕೆ ಇಳಿದಿರುತ್ತದೆ. ಪಟ್ಟಿಯಿಂದ ಕೆರೆದರೆ ಹಳೆಯ ಬಣ್ಣ ಉಗುರಿನಷ್ಟಗಲದ ಚಕ್ಕೆಯಾಗಿ ಹಾರುತ್ತದೆ. ಆಮೇಲೆ ವೈರ್ ಬ್ರಷ್ಷು, ಅಲೆಯ ಏಣಿನ ಗುಂಟ ಒಮ್ಮೆ, ತಗ್ಗಿನ ಗುಂಟ ಒಮ್ಮೆ. ತಗ್ಗಿನಲ್ಲಿ ಬ್ರಷ್ಷು ಪೂರ್ತಿ ಕೂರುವುದಿಲ್ಲ, ಕೈ ಓರೆ ಮಾಡಿ ಉಜ್ಜಬೇಕು. ಕೆಂಪು ಹುಡಿ ಗಾಳಿಯಲ್ಲಿ ಏಳುತ್ತದೆ. ಹುಡುಗನ ಹುಬ್ಬು, ಮೂಗಿಗೆ ಕಟ್ಟಿದ ಟವೆಲ್ಲು, ಕೆಳಗಿನ ಬಾಳೆ ಎಲೆಗಳೆಲ್ಲ ಇಟ್ಟಿಗೆ ಬಣ್ಣ.

“ಮಾವ, ಇಷ್ಟು ಸಾಕಲ್ವಾ?”

“ಕೈ ಒರೆಸಿ ನೋಡು. ಕೆಂಪು ಹತ್ತಿದ್ರೆ ಇನ್ನೂ ಉಜ್ಜು.”

ಇಡೀ ಕೆಲಸದ ತಿರುಳು ಈ ಮಾತಿನಲ್ಲಿದೆ ಎಂದು ನಾನು ನಂಬುತ್ತೇನೆ. ಸಡಿಲ ತುಕ್ಕಿನ ಮೇಲೆ ಹಚ್ಚಿದ ಬಣ್ಣ ಹಿಡಿಯುವುದು ತುಕ್ಕನ್ನು, ತಗಡನ್ನಲ್ಲ. ತುಕ್ಕು ಕಳಚಿದ ದಿನ ಬಣ್ಣವೂ ಅದರ ಜೊತೆ ಕಳಚುತ್ತದೆ. ಪೇಟೆಯಲ್ಲಿ ಎಷ್ಟು ದುಬಾರಿ ಡಬ್ಬಿ ಕೊಂಡರೂ ಉಜ್ಜುವ ದಿನದ ಕೂಲಿಯನ್ನು ಉಳಿಸಿದ ಮನೆಯ ಮಾಡು ಎರಡು ಮಳೆಗಾಲಕ್ಕೇ ಸುಲಿಯುತ್ತದೆ. ಬಣ್ಣ ಬಳಿಯುವ ಹೊತ್ತು ಎಲ್ಲರಿಗೂ ಕಾಣುತ್ತದೆ, ಫೋಟೊ ತೆಗೆಯುವುದೂ ಆಗಲೇ. ಮಾಡಿನ ಆಯುಷ್ಯ ತೀರ್ಮಾನವಾಗುವುದು ಮಾತ್ರ ಈ ಧೂಳಿನಲ್ಲಿ.

ಕೆರೆಯುವಾಗ ಟವೆಲ್ಲು ಕಟ್ಟುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂದೆ ಕಬ್ಬಿಣಕ್ಕೆ ಮೊದಲ ಕೋಟು ಎಂದರೆ ಸೀಸದ ಕೆಂಪು, ರೆಡ್ ಲೆಡ್. ಕಬ್ಬಿಣವನ್ನು ಚೆನ್ನಾಗಿ ಕಾಯುತ್ತಿತ್ತು, ಮನುಷ್ಯನಿಗೆ, ಅದರಲ್ಲೂ ಮಕ್ಕಳಿಗೆ ವಿಷ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಅದಕ್ಕೂ ಹಿಂದಿನ ಚಕ್ಕೆಗಳಲ್ಲಿ ಏನಿದೆಯೋ ನೋಡಿ ಹೇಳಲಾಗದು. ಆದ್ದರಿಂದ ಕೆಳಗೆ ಹಾಸಿದ ಪ್ಲಾಸ್ಟಿಕ್ ಸಮೇತ ಚಕ್ಕೆಗಳನ್ನು ಕಟ್ಟಿ ತೆಗೆದರು. ಹುಡಿಯನ್ನು ಬಾಳೆಯ ಬುಡಕ್ಕೆ ಗುಡಿಸಲು ಬಿಡಲಿಲ್ಲ.

ತೂತುಗಳ ಸರದಿ. ಸಣ್ಣವಕ್ಕೆ ಎಂ-ಸೀಲ್ ನಾದಿ ಒತ್ತಿದರು. ತುಕ್ಕು ತಿಂದ ಬೋಲ್ಟುಗಳನ್ನು ಕತ್ತರಿಸಿ ಹೊಸ ಜೆ ಬೋಲ್ಟು, ಡಾಂಬರಿನ ವಾಷರು ಹಾಕಿದರು. ಬೋಲ್ಟು ಯಾವಾಗಲೂ ಅಲೆಯ ಏಣಿನಲ್ಲೇ ಇರಬೇಕು, ನೀರು ಹರಿಯುವುದು ತಗ್ಗಿನಲ್ಲಿ. ಹತ್ತು ಅಡಿಯ ತಗಡು ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ ಹೋಗುವಷ್ಟರಲ್ಲಿ ಒಂದು ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ, ಸಂಜೆ ಮತ್ತೆ ಕುಗ್ಗುತ್ತದೆ. ದಿನವೂ ನಡೆಯುವ ಈ ಎಳೆದಾಟದಲ್ಲಿ ಬೋಲ್ಟಿನ ತೂತು ಅಗಲವಾಗುತ್ತಾ ಬರುತ್ತದೆ. ಸಂಜೆ ಹೊತ್ತು ಕೊಟ್ಟಿಗೆಯಿಂದ ಕೇಳುವ ಟಿಕ್ ಟಿಕ್ ಸದ್ದು ಅದೇ.

ಒಲೆಯ ನೆತ್ತಿಯ ಎರಡು ತಗಡುಗಳನ್ನು ಪಟ್ಟಿಯ ಹಿಡಿಯಿಂದ ಬಡಿದು ನೋಡಿದರು. ಉಳಿದವು ಖಣ್ಣೆನ್ನುತ್ತಿದ್ದರೆ ಇವು ಬದ್ದೆಂದವು. ಅವನ್ನು ಬಿಚ್ಚಿ ಹೊಸದು ಹಾಕಿಯಾಯಿತು. ಹೊಳೆಯುವ ಹೊಸ ತಗಡಿಗೂ ಅದೇ ಎಣ್ಣೆಬಣ್ಣ ಎಳೆದುಬಿಡುವುದು ಊರೂರಿನ ರೂಢಿ. ಆದರೆ ಹೊಸ ಸತುವೂ ಬಣ್ಣದ ಎಣ್ಣೆಯೂ ಸೇರಿ ನಡುವೆ ಸಾಬೂನಿನಂಥ ಪದರ ಹುಟ್ಟುತ್ತದೆ, ಬಣ್ಣ ಹಾಳೆಹಾಳೆಯಾಗಿ ಎದ್ದುಬರುತ್ತದೆ. ಅದಕ್ಕೆ ಮೊದಲು ಎಚ್ ಪ್ರೈಮರ್ ಬೇಕು, ಇಲ್ಲವೇ ಒಂದೆರಡು ಮಳೆಗಾಲ ಬರಿಮೈಯಲ್ಲೇ ಬಿಡಬೇಕು. ನಮ್ಮ ಪೇಂಟರ್ ಪ್ರೈಮರನ್ನೇ ತಂದಿದ್ದರು.

ಮರುದಿನ ಇಬ್ಬನಿ ಆರಿದ ಮೇಲೆ ರೆಡ್ ಆಕ್ಸೈಡ್. ಡಬ್ಬಿ ತೆರೆದು ಅಡಿಯಲ್ಲಿ ಕೂತ ಗಟ್ಟಿಯನ್ನು ಕೋಲಿನಿಂದ ಎಬ್ಬಿಸಿ ಕಲಕಿದರು. ತೆಳುವಾಗಿಸಲು ಟರ್ಪೆಂಟೈನ್ ಮಾತ್ರ. ಸೀಮೆಎಣ್ಣೆ ಬೆರೆಸಿದರೆ ಬಣ್ಣ ಸರಿಯಾಗಿ ಆರದೆ ಅಂಟಂಟಾಗಿಯೇ ಉಳಿಯುತ್ತದೆ. ಈ ಬಣ್ಣದ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ. ಬಳ್ಳಾರಿಯ ಅದಿರಿನಲ್ಲಿ, ಮನೆಯ ಹಂಚಿನಲ್ಲಿ, ಗುಡ್ಡದ ಜಂಬಿಟ್ಟಿಗೆಯಲ್ಲಿ ಇರುವುದೂ ಅದೇ ಕೆಂಪು. ತುಕ್ಕು ನೀರು ಹೀರಿ ಪುಡಿಯಾಗುತ್ತದೆ, ಇದು ಗಾಳಿಗೂ ನೀರಿಗೂ ಜಗ್ಗುವುದಿಲ್ಲ. ಕಬ್ಬಿಣ ಯಾವ ರೂಪದಲ್ಲಿ ಮಣ್ಣೊಳಗೆ ನೆಮ್ಮದಿಯಾಗಿತ್ತೋ ಅದೇ ರೂಪ ಈಗ ಅದರ ಹೊದಿಕೆ.

ಇನ್ನೊಂದು ನಂಟು ನನಗೆ ಬಹಳ ಇಷ್ಟ. ತುಕ್ಕನ್ನು ಅಲ್ಲಲ್ಲೇ ಗಟ್ಟಿ ಮಾಡುವ ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ. ಅವುಗಳಲ್ಲಿ ಹಲವಕ್ಕೆ ಆಧಾರ ಟ್ಯಾನಿನ್, ತುಕ್ಕಿನ ಜೊತೆ ಬೆರೆತು ಕಪ್ಪು ಪದರವಾಗುತ್ತದೆ. ಅಡಕೆಯಲ್ಲಿರುವುದೂ ಟ್ಯಾನಿನ್ನೇ. ಅಡಕೆ ಸುಲಿಯುವ ಮೆಟ್ಟುಗತ್ತಿ ಕರ್ರಗಾಗುವುದು, ಸುಲಿಯುವವರ ಬೆರಳು ತಿಂಗಳುಗಟ್ಟಲೆ ಕಪ್ಪಿರುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ!

ಮೇಲಿನ ನೋಟ ಬೇರೆಯೇ. ಹಲಗೆಯ ಮೇಲೆ ಕೂತರೆ ಅಡಕೆ ಮರಗಳ ತಲೆ ಕಣ್ಣಿನ ಮಟ್ಟಕ್ಕಿದೆ. ಹಿಂಗಾರ ಒಡೆದ ಪರಿಮಳ ಟರ್ಪೆಂಟೈನಿನ ವಾಸನೆಯ ನಡುವೆ ಬಂದು ಹೋಗುತ್ತದೆ. ಮಾವ ಏಣಿನಲ್ಲಿ, ಅಳಿಯ ತಗ್ಗಿನಲ್ಲಿ, ಮಾಡಿನ ನೆತ್ತಿಯಿಂದ ಸೂರಿನ ಕಡೆಗೆ ಹಿಂದಕ್ಕೆ ಸರಿಯುತ್ತಾ ಬಳಿಯುತ್ತಾರೆ. ಹತ್ತು ಗಂಟೆಗೆ ತಗಡು ಕಾಯುತ್ತದೆ, ಬಣ್ಣ ಕುಂಚದ ಹಿಂದೆಯೇ ಆರಿ ಗೆರೆ ಬೀಳತೊಡಗುತ್ತದೆ. ಆಗ ನಿಲ್ಲಿಸಿ ಮಜ್ಜಿಗೆ. ಮಧ್ಯಾಹ್ನದ ಮೇಲೆ ಪಶ್ಚಿಮದಲ್ಲಿ ಮೋಡ ಕಟ್ಟಿದರೆ ಮತ್ತೆ ಹತ್ತುವುದಿಲ್ಲ.

ಪ್ರೈಮರ್ ಆರಿದ ಮೇಲೆ ಹಂಚಿನ ಬಣ್ಣದ ಎನಾಮೆಲ್ ಎರಡು ಕೈ. ಎರಡನೆಯ ಕೈ ಮುಗಿದ ದಿನ ಹಲಸಿನ ಹಪ್ಪಳ ತಟ್ಟುತ್ತಿದ್ದ ಅಜ್ಜಿ ಚಾಪೆ ಸಮೇತ ಏಣಿಯ ಬುಡಕ್ಕೆ ಬಂದರು. ಪ್ರತಿ ಬೇಸಗೆಯೂ ಹಪ್ಪಳ ಒಣಗುವುದು ಈ ಮಾಡಿನ ಮೇಲೆಯೇ.

“ಅಮ್ಮಾ, ಈ ವಾರ ಬ್ಯಾಡ. ಬಣ್ಣ ಮುಟ್ಟಿದ್ರೆ ಆರಿದ ಹಾಗೆ ಕಾಣ್ತದೆ, ಒಳಗೆ ಇನ್ನೂ ಹಸಿ.”

“ಮಳೆ ಹಿಡ್ಕೊಂಡ್ರೆ ನನ್ನ ಹಪ್ಪಳದ ಗತಿ ಏನು ಮಾರಾಯ?”

ಪೇಂಟರ್ ಮೋಡ ನೋಡಿದರು, ಚಾಪೆ ನೋಡಿದರು. ಆಮೇಲೆ ಹುಡುಗನನ್ನು ಕರೆದು, ತಮ್ಮ ಎರಡು ಹಲಗೆಗಳನ್ನು ಅಂಗಳದ ಬಿಸಿಲಿಗೆ ಒಯ್ದು ಒರೆಸಿ ಹಾಕಿಸಿದರು.