ಕಂಬಗಳ ನಡುವಿನ ಕೆಲಸ

ಬಂಗಾರಪೇಟೆ ಜಂಕ್ಷನ್‌ನಲ್ಲಿ ಕವಲೊಡೆದು ಮಾರಿಕುಪ್ಪಂವರೆಗೆ ಹೋಗುವ ರೈಲು ಹಳಿ ಹುಟ್ಟಿದ್ದೇ ಚಿನ್ನದ ಗಣಿಗಾಗಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಈ ಬಂಡೆನೆಲಕ್ಕೆ, ಇಂದಿನ ಕೆಜಿಎಫ್‌ಗೆ, ಕಾಲಿಟ್ಟಾಗ, ಅದರ ಬೆನ್ನಿಗೆ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಿಂದ ಗಣಿ ಕಸುಬುದಾರರು ಬಂದರು. ಅವರ ಹಿಂದೆಯೇ ಕ್ಲಬ್ಬು, ಟೆನ್ನಿಸ್, ಗಾಲ್ಫ್, ಫುಟ್‌ಬಾಲ್ ಬಂದವು. ಟೆನ್ನಿಸು, ಗಾಲ್ಫು ಬಹುಮಟ್ಟಿಗೆ ಬಂಗಲೆಗಳ ಸುತ್ತಲೇ ಉಳಿದವು. ಒಂದು ಚೆಂಡಿದ್ದರೆ ಇಪ್ಪತ್ತು ಜನ ಆಡಬಹುದಾದ ಫುಟ್‌ಬಾಲ್ ಮಾತ್ರ ಕಾರ್ಮಿಕರ ಲೈನುಗಳಿಗೆ ಇಳಿಯಿತು. ಆ್ಯಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಮಾತಿನಲ್ಲಿ ಇವತ್ತಿಗೂ ಅದರ ಹರಟೆ ನಡೆಯುತ್ತದೆ.

ಆ ಹರಟೆಯಲ್ಲಿ ಗೋಲು ಹೊಡೆದವರ ಹೆಸರು ಬರುತ್ತದೆ. ಗೋಲು ಕಾಯ್ದವನ ಹೆಸರು ಬರುವುದು ಅವನು ಚೆಂಡು ಬಿಟ್ಟಾಗ. ‘ಗೋಲಿ’ ಎಂದು ಎಲ್ಲರೂ ಕರೆಯುವ ಈ ಆಟಗಾರನ ಕಸುಬು ಏನು, ಅದನ್ನೇ ನಂಬಿದವನ ಬದುಕು ಹೇಗೆ ನಡೆಯುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ. ಟಿವಿಯಲ್ಲಿ ಕಾಣುವ ದೊಡ್ಡ ಗೋಲಿಗಳ ಮಾತಲ್ಲ ಇದು. ಕೆಳಗಿನ ಡಿವಿಷನ್ನುಗಳಲ್ಲಿ, ಹುಲ್ಲು ಕಾಣದ ಮೈದಾನಗಳಲ್ಲಿ ವರ್ಷಗಟ್ಟಲೆ ನಿಲ್ಲುವವರ ಮಾತು.

ಎರಡು ಕಂಬಗಳ ನಡುವೆ 7.32 ಮೀಟರ್, ಅಡ್ಡಪಟ್ಟಿಯ ಎತ್ತರ 2.44 ಮೀಟರ್. ಇಷ್ಟು ಜಾಗವನ್ನು ಯಾವ ಮನುಷ್ಯನ ಮೈಯೂ ತುಂಬಲಾರದು. ಹಾಗಾಗಿ ಗೋಲಿ ಜಾಗವನ್ನೇ ಚಿಕ್ಕದು ಮಾಡುತ್ತಾನೆ. ಚೆಂಡು ಹೊಡೆಯುವವನ ಕಡೆಗೆ ಎರಡು ಹೆಜ್ಜೆ ಮುಂದೆ ಬಂದರೆ ಅವನ ಕಣ್ಣಿಗೆ ಎರಡೂ ಬದಿಯ ಬಯಲು ಕಿರಿದಾಗುತ್ತದೆ. ನಾಲ್ಕು ಹೆಜ್ಜೆ ಬಂದರೆ ಇನ್ನೂ ಕಿರಿದು, ಆದರೆ ಆಗ ತಲೆಯ ಮೇಲಿಂದ ಚೆಂಡು ಎತ್ತಿ ಹಾಕುವ ಅಪಾಯ. ಈ ಎರಡರ ನಡುವಿನ ಲೆಕ್ಕಕ್ಕೆ ‘ಆಂಗಲ್ ಕಟ್ ಮಾಡೋದು’ ಎನ್ನುತ್ತಾರೆ. ಒಳ್ಳೆಯ ಗೋಲಿ ಕಡಿಮೆ ಹಾರುತ್ತಾನೆ, ಏಕೆಂದರೆ ಹಾರಬೇಕಾಗದ ಜಾಗದಲ್ಲಿ ಅವನು ಮೊದಲೇ ನಿಂತಿರುತ್ತಾನೆ. ನೋಡುವವರು ಚಪ್ಪಾಳೆ ಹೊಡೆಯುವುದು ಮಾತ್ರ ಹಾರಿದವನಿಗೆ.

ಕೈ ಹಿಡಿಯುವ ಬಗೆಯನ್ನೂ ಕಲಿಯಬೇಕು. ಎದೆಯ ಮಟ್ಟಕ್ಕಿಂತ ಮೇಲೆ ಬರುವ ಚೆಂಡಿಗೆ ಎರಡು ಹೆಬ್ಬೆರಳು ಒಂದಕ್ಕೊಂದು ಹತ್ತಿರ, ಉಳಿದ ಬೆರಳು ಅಗಲ. ಕೆಳಗೆ ಬರುವ ಚೆಂಡಿಗೆ ಕಿರುಬೆರಳುಗಳು ಹತ್ತಿರ, ಅಂಗೈ ಮೇಲಕ್ಕೆ. ಎದುರಾಳಿ ಒದೆಯುವ ಗಳಿಗೆಯಲ್ಲಿ ಎರಡೂ ಕಾಲು ನೆಲದಲ್ಲಿರಬೇಕು, ಆ ಕ್ಷಣ ಒಂದು ಪಾದ ಗಾಳಿಯಲ್ಲಿದ್ದರೆ ಮೈ ತಿರುಗುವುದಿಲ್ಲ. ಬೀಳುವಾಗ ಮೊಣಕೈ ಊರಬಾರದು, ಪಕ್ಕೆಯ ಮೇಲೆ ಜಾರಬೇಕು. ಹುಲ್ಲಿನ ಮೇಲೆ ಇದು ಸಲೀಸು. ಕೆಂಪು ಮೊರಂ ನೆಲದಲ್ಲಿ ಒಂದೇ ಪಂದ್ಯಕ್ಕೆ ಸೊಂಟದ ಚರ್ಮ ಸುಲಿದು ಬರುತ್ತದೆ. ಅದಕ್ಕೇ ನಮ್ಮ ಕಡೆಯ ಗೋಲಿಗಳು ಬೇಸಿಗೆಯಲ್ಲೂ ಉದ್ದ ಪ್ಯಾಂಟು ಹಾಕುತ್ತಾರೆ. ಗ್ಲೋವ್ಸ್‌ನ ಅಂಗೈ ರಬ್ಬರು ಆ ನೆಲಕ್ಕೆ ಬೇಗನೆ ತೇದುಹೋಗುತ್ತದೆ. ಆಡುವ ಹುಡುಗನಿಗೆ ಬೂಟಿಗಿಂತ ಮೊದಲು ಕಾಡುವ ಖರ್ಚು ಅದು.

ಇನ್ನೊಂದು ಕೆಲಸ ಬಾಯಿಯದು. ಕಾರ್ನರ್ ಬಂದಾಗ ‘ಕೀಪರ್!’ ಎಂದು ಕೂಗಿದರೆ ತನ್ನವರು ದಾರಿ ಬಿಡಬೇಕು. ಕೂಗಿ ಚೆಂಡು ಸಿಗದಿದ್ದರೆ ಅವನಷ್ಟು ಒಂಟಿ ಯಾರೂ ಇಲ್ಲ. ಪೆನಾಲ್ಟಿ ಕಥೆ ಎಲ್ಲರಿಗೂ ಗೊತ್ತು: ಹನ್ನೊಂದು ಮೀಟರ್ ದೂರ, ಅರ್ಧ ಸೆಕೆಂಡಿಗೂ ಕಡಿಮೆ ಸಮಯ.

ನಿಯಮಗಳೂ ಗೋಲಿಯನ್ನು ಮತ್ತೆ ಮತ್ತೆ ಬಿಗಿದಿವೆ. 1912ರವರೆಗೆ ತನ್ನ ಅರ್ಧ ಅಂಗಳದಲ್ಲಿ ಎಲ್ಲಿ ಬೇಕಾದರೂ ಅವನು ಕೈಯಲ್ಲಿ ಚೆಂಡು ಮುಟ್ಟಬಹುದಿತ್ತು. ಆಮೇಲೆ ಅದು ಪೆನಾಲ್ಟಿ ಪೆಟ್ಟಿಗೆಯೊಳಕ್ಕೆ ಸೀಮಿತವಾಯಿತು. 1992ರಿಂದ ತನ್ನವರೇ ಬೇಕೆಂದು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಎತ್ತುವಂತಿಲ್ಲ. 2025ರಿಂದ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್.

ಇಂಥ ಕೆಲಸವನ್ನೇ ಜೀವನೋಪಾಯ ಮಾಡಿಕೊಂಡವರು ಇಂಗ್ಲೆಂಡಿನಲ್ಲಿ ನೂರಾರು ಜನ. ಅಲ್ಲಿನ ಮೊದಲ ನಾಲ್ಕು ಹಂತಗಳಲ್ಲಿ 92 ಕ್ಲಬ್ಬುಗಳಿವೆ, ಪ್ರೀಮಿಯರ್ ಲೀಗ್‌ನ 20 ಬಿಟ್ಟರೆ 72. ನಾಲ್ಕನೆಯ ಹಂತದ ಗೋಲಿಗೂ ಸಂಬಳ ಉಂಟು. ಕಲ್ಕತ್ತದಲ್ಲಿ 1941ರಲ್ಲಿ ಹುಟ್ಟಿದ ಕೆವಿನ್ ಕೀಲನ್ ಸ್ಟಾಕ್‌ಪೋರ್ಟ್, ರೆಕ್ಸ್‌ಹ್ಯಾಮ್‌ಗಳಂಥ ಕೆಳ ಡಿವಿಷನ್ ಕ್ಲಬ್ಬುಗಳಲ್ಲಿ ಆಡಿ, 1963ರಲ್ಲಿ ನಾರಿಚ್ ಸಿಟಿಗೆ ಹೋಗಿ, ಅಲ್ಲಿ 673 ಪಂದ್ಯ ಕಾಯ್ದರು. ಇಂಗ್ಲೆಂಡ್ ತಂಡಕ್ಕೆ 125 ಪಂದ್ಯ ಆಡಿದ್ದ ಪೀಟರ್ ಶಿಲ್ಟನ್ ತಮ್ಮ ಸಾವಿರದ ಲೀಗ್ ಪಂದ್ಯ ಆಡಿದ್ದು 1996ರ ಡಿಸೆಂಬರ್‌ನಲ್ಲಿ, ಕೆಳ ಡಿವಿಷನ್ನಿನ ಲೇಟನ್ ಓರಿಯಂಟ್ ಪರವಾಗಿ, 47ನೇ ವಯಸ್ಸಿನಲ್ಲಿ.

ಕೆಜಿಎಫ್‌ನವರು ತಿಳಿಯಲೇಬೇಕಾದ ಕಥೆ ಜಿಮ್ಮಿ ಗ್ಲಾಸ್‌ರದು. ನಮ್ಮಲ್ಲಿಗೆ ಗಣಿಗಾರರನ್ನು ಕಳಿಸಿದ ಕಾರ್ನ್‌ವಾಲ್‌ಗೆ ಆ 92ರಲ್ಲಿ ಸ್ವಂತದ ಕ್ಲಬ್ ಎಂದೂ ಇರಲಿಲ್ಲ. ಅಲ್ಲಿನವರಿಗೆ ಹತ್ತಿರದ ತಂಡವೆಂದರೆ ನದಿಯಾಚೆಯ ಪ್ಲಿಮತ್ ಆರ್ಗೈಲ್. 1999ರ ಮೇ 8ರಂದು ಕಾರ್ಲೈಲ್ ಊರಿನಲ್ಲಿ ಆ ಪ್ಲಿಮತ್ ಎದುರು ಪಂದ್ಯ. ಗೆಲ್ಲದಿದ್ದರೆ ಕಾರ್ಲೈಲ್ ಯುನೈಟೆಡ್ ಲೀಗಿನಿಂದಲೇ ಹೊರಗೆ. 1-1 ಸಮ, ಆಟ ಮುಗಿಯಲು ಕ್ಷಣಗಳು ಬಾಕಿ, ಕಾರ್ನರ್ ಸಿಕ್ಕಿತು. ಸ್ವಿಂಡನ್‌ನಿಂದ ಎರವಲು ಬಂದಿದ್ದ ಗೋಲಿ ಗ್ಲಾಸ್ ಇಡೀ ಮೈದಾನ ಓಡಿ ಬಂದರು. ಸಹ ಆಟಗಾರನ ತಲೆಯಿಂದ ಬಂದ ಹೊಡೆತವನ್ನು ಪ್ಲಿಮತ್ ಗೋಲಿ ತಡೆದ. ತಡೆದ ಚೆಂಡು ಗ್ಲಾಸ್ ಕಾಲಿಗೆ ಬಂತು, ಗೋಲಾಯಿತು, ಕ್ಲಬ್ ಉಳಿಯಿತು. ಅವರು ಆ ಕ್ಲಬ್ಬಿಗೆ ಆಡಿದ್ದು ಒಟ್ಟು ಮೂರು ಪಂದ್ಯ. ಕೆಲವೇ ವರ್ಷಗಳಲ್ಲಿ ವೃತ್ತಿ ಫುಟ್‌ಬಾಲ್ ಬಿಟ್ಟು ಮುಂದೆ ಟ್ಯಾಕ್ಸಿ ಓಡಿಸಿದರು. ಆ ಒಂದು ಗೋಲನ್ನು ಜಗತ್ತು ನೆನಪಿಡುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅದಕ್ಕೆ ಮುಂಚೆ ವರ್ಷಗಟ್ಟಲೆ ಎರಡನೇ ಗೋಲಿಯಾಗಿ, ಎರವಲು ಗೋಲಿಯಾಗಿ ಅವರಂಥವರು ಕಾಯುವ ಬೆಂಚು. ಒಂದು ತಂಡದಲ್ಲಿ ಗೋಲಿಗೆ ಇರುವುದು ಒಂದೇ ಜಾಗ. ಮೊದಲನೆಯವನಿಗೆ ಪೆಟ್ಟಾಗುವ ತನಕ ಎರಡನೆಯವನಿಗೆ ಆಟವಿಲ್ಲ, ಆದರೆ ಅಷ್ಟೂ ದಿನ ಸಂಬಳ ಬರಬೇಕು.

ನಮ್ಮಲ್ಲಿ ಆ ಸಂಬಳ ಕೊಟ್ಟವರು ಯಾರು? ಆಟಕ್ಕಂತೂ ಇಲ್ಲಿ ಕೊರತೆ ಇರಲಿಲ್ಲ. ಹಿಂದಿನ ಮೈಸೂರು ರಾಜ್ಯ 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಒಲಿಂಪಿಕ್ಸ್‌ನಲ್ಲಿ, ಜುಲೈ 31ರಂದು ಲಂಡನ್ನಿನ ಇಲ್ಫೋರ್ಡ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಕಾಯ್ದವರು ಮೈಸೂರು ರಾಜ್ಯದ ಕೆ.ವಿ. ವರದರಾಜ್. ಭಾರತದ ಒಲಿಂಪಿಕ್ ಫುಟ್‌ಬಾಲಿನ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ನಮ್ಮವರು ಎರಡು ಪೆನಾಲ್ಟಿ ಕಳೆದುಕೊಂಡರು. ಕೊನೆಯ ನಿಮಿಷಗಳವರೆಗೂ 1-1ರಲ್ಲಿ ನಿಂತಿದ್ದ ಆಟ 2-1ಕ್ಕೆ ಕೈತಪ್ಪಿತು. ರಾಮನ್ ಹೆಸರು ಆಗೀಗ ಪತ್ರಿಕೆಗಳಲ್ಲಿ ಬರುತ್ತದೆ, ವರದರಾಜ್ ಹೆಸರು ಬರುವುದು ಅಪರೂಪ.

ಮುಂದಿನ ದಶಕಗಳಲ್ಲಿ ಬೆಂಗಳೂರಿನ ಲೀಗನ್ನು ಹೊತ್ತವು ಕಾರ್ಖಾನೆಗಳು, ರಕ್ಷಣಾ ಸಂಸ್ಥೆಗಳು, ಸೇನಾ ಘಟಕಗಳು: ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಎಂಇಜಿ. ಹೆಸರು ಬರೆಸಿ ಬೆಳಗ್ಗೆ ಕೆಲಸ, ಮಧ್ಯಾಹ್ನ ಪ್ರಾಕ್ಟೀಸು, ನಿವೃತ್ತಿಯ ಮೇಲೆ ಪಿಂಚಣಿ. ಇಂಗ್ಲೆಂಡಿನ ನಾಲ್ಕನೇ ಡಿವಿಷನ್ ತನ್ನ ಗೋಲಿಗೆ ಕೊಡುತ್ತಿದ್ದ ನೆಮ್ಮದಿಯನ್ನು ನಮ್ಮಲ್ಲಿ ಕಾರ್ಖಾನೆಯ ಹಾಜರಿ ಪುಸ್ತಕ ಕೊಟ್ಟಿತು. ಸಂದರ್ಶನದಲ್ಲಿ ‘ಯಾವ ಪೊಸಿಷನ್?’ ಎಂಬ ಪ್ರಶ್ನೆಗೆ ‘ಗೋಲಿ’ ಎಂದು ಉತ್ತರಿಸಿ ಕೆಲಸ ಪಡೆಯಬಹುದಾಗಿದ್ದ ಕಾಲವದು. ಸ್ಪೋರ್ಟ್ಸ್ ಕೋಟಾ ಎಂದರೆ ದಾನವೆಂದು ಹಗುರವಾಗಿ ಮಾತಾಡುವವರು ಇದನ್ನು ಗಮನಿಸಬೇಕು. ಮೂವತ್ತರ ನಂತರವೇ ಪಕ್ವವಾಗುವ ಕಸುಬು ಗೋಲಿಯದು, ಅಲ್ಲಿಯವರೆಗೆ ಅವನನ್ನು ಸಾಕಲು ಒಂದು ಸಂಸ್ಥೆ ಬೇಕೇ ಬೇಕು.

ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ದುಡಿದ ಕೆಜಿಎಫ್‌ನ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬೆಮೆಲ್ ಉಳಿದಿದೆ, ಆದರೆ ಒಂದು ಕಾರ್ಖಾನೆ ಇಡೀ ಊರಿಗೆ ಸಾಲದು. ಇಂದು ಕೆಜಿಎಫ್, ಬಂಗಾರಪೇಟೆಗಳ ಸಾವಿರಾರು ಯುವಕರು ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಮುಂದೆ ಆಡುವವನು ಗೋಡೆಗೆ ಚೆಂಡು ಹೊಡೆದು ತಕ್ಕಮಟ್ಟಿಗೆ ಕಲಿಯಬಹುದು. ಗೋಲಿಗೆ ಎದುರು ನಿಂತು ಹೊಡೆಯುವವರು ಬೇಕು, ಬಲದಿಂದ ಎಡದಿಂದ ನೂರು ಕ್ರಾಸ್ ಹಾಕುವವರು ಬೇಕು, ಬೆಳಕೂ ಬೇಕು. ರೈಲು ಇಳಿಯುವ ಹೊತ್ತಿಗೆ ಇವು ಯಾವುವೂ ಇರುವುದಿಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಎತ್ತಿತು. ಸಂಭ್ರಮ ಆಯಿತು, ಆಗಬೇಕಾದದ್ದೇ. ಆದರೆ ರಾಜ್ಯದ ಲೀಗಿನ ಅನೇಕ ಪಂದ್ಯಗಳು ಅಶೋಕನಗರದ ಸ್ಟೇಡಿಯಂನಲ್ಲಿ ವಾರದ ದಿನಗಳ ಮಧ್ಯಾಹ್ನವೇ ನಡೆಯುತ್ತವೆ. ರಜೆ ಸಿಗದ ಹುಡುಗ ಅಲ್ಲಿಗೆ ಬರಲಾರ. ಕೆಜಿಎಫ್ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡಿರುವ ಬೆಂಗಳೂರಿನ ಕಂಪನಿಗಳು ಪಂದ್ಯದ ದಿನ ಮಧ್ಯಾಹ್ನ ಅವರನ್ನು ಬಿಟ್ಟುಕೊಡಲಿ, ಆ ಹೊತ್ತಿನ ಸಂಬಳ ಹಿಡಿಯದಿರಲಿ. ರಾಬರ್ಟ್‌ಸನ್‌ಪೇಟೆ ನಗರಸಭೆ ಒಂದು ಮೈದಾನಕ್ಕಾದರೂ ಗೋಲ್ ಪೆಟ್ಟಿಗೆಯ ಎದುರು ಹುಲ್ಲು ಬೆಳೆಸಲಿ, ಸಂಜೆಗೆ ದೀಪ ಹಾಕಲಿ.